ಮನಗೂಳಿ ಆಯಿ ಬಂದ ವರ್ಷದ ಸುಗ್ಗಿ

ಸಕ್ಕರೆ ಕಾಯಿಲೆ ಎಂಬ ಹೆಸರು ನಮ್ಮ ಊರಿನವರ ಬಾಯಿಗೆ ಇನ್ನೂ ಸರಿಯಾಗಿ ಒಗ್ಗಿರದ ಕಾಲ ಅದು. ಯಾರಿಗಾದರೂ ಬಂದಿದೆಯೆಂದು ಗೊತ್ತಾದರೆ 'ಸಕ್ರಿ ಬ್ಯಾನಿ' ಎಂದು ದನಿ ತಗ್ಗಿಸಿ ಹೇಳುತ್ತಿದ್ದರು. ಹೇಳಿದ ಮೇಲೆ ಸ್ವಲ್ಪ ನಗುತ್ತಲೂ ಇದ್ದರು. ಸಕ್ಕರೆಯೆಂದರೆ ನಮಗೆ ಬೀಗರು ಬಂದ ದಿನದ ಚಹಾ, ಕೂಸು ಹುಟ್ಟಿದ ಸುದ್ದಿಗೆ ಹಂಚುವ ಸಿಹಿ. ಅದೇ ಒಬ್ಬ ಗಟ್ಟಿ ಆಳನ್ನು ಹಾಸಿಗೆಗೆ ಕೆಡವಬಹುದು ಎಂದರೆ ನಂಬುವುದು ಕಷ್ಟವಾಗುತ್ತಿತ್ತು. ಈಗ ಅದೇ ಊರಿನಲ್ಲಿ ಮನೆಮನೆಯಲ್ಲೂ ಗುಳಿಗೆ ನುಂಗುವವರಿದ್ದಾರೆ, ಯಾರೂ ದನಿ ತಗ್ಗಿಸುವುದಿಲ್ಲ. ಇದನ್ನು ಓದುವ ನಿಮ್ಮ ಮನೆಯಲ್ಲೂ ಇಂಥದೇ ಒಬ್ಬ ಮುತ್ಯಾ, ಒಬ್ಬ ಆಯಿ ಇದ್ದಿರಬಹುದು.

ನಮ್ಮದು ಸಿಂದಗಿಯ ಹತ್ತಿರದ ಎರೆಹೊಲದ ಊರು. ನಾನಾಗ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಮನೆಯಲ್ಲಿ ಅಪ್ಪ, ಅವ್ವ, ನಾನು, ಅಪ್ಪನ ತಾಯಿ ನೀಲವ್ವ ಆಯಿ, ಮತ್ತು ಅಪ್ಪನ ತಂದೆ ಮಲ್ಲಪ್ಪ ಮುತ್ಯಾ. ಮುತ್ಯಾ ಎತ್ತರದ ಆಳು. ತಲೆಗೆ ಪಟಗಾ ಸುತ್ತಿದರೆ ನಮ್ಮ ಮನೆಯ ಬಾಗಿಲಿಗೆ ಬಗ್ಗಿಯೇ ಬರಬೇಕಾಗಿತ್ತು. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ಕಂಬ ನೆಟ್ಟು, ಸುತ್ತ ಜೋಳದ ತೆನೆ ಹರವಿ, ಎತ್ತು ಕಟ್ಟಿ ತುಳಿಸುವುದಕ್ಕೆ ನಮ್ಮ ಕಡೆ ಹಂತಿ ಎನ್ನುತ್ತಾರೆ. ಎತ್ತಿನ ಹಿಂದೆ ನಡೆಯುವವನು ಹಾಡಬೇಕು. ಮುತ್ಯಾನಂತೆ ಹಂತಿ ಹಾಡುವವರು ಸುತ್ತಿನ ಹಳ್ಳಿಗಳಲ್ಲಿ ಇರಲಿಲ್ಲ. ಬೇರೆಯವರ ರಾಶಿಗೂ, ಅಂದರೆ ಒಕ್ಕಣೆಗೂ, ಕರೆ ಬರುತ್ತಿತ್ತು, ಹೋಗುತ್ತಿದ್ದ. ಹೋದಲ್ಲೆಲ್ಲ ಬರಿಗಾಲು. ಹೊಲದ ಬದುವಿಗೆ ಬಂದ ಕೂಡಲೇ ಚಪ್ಪಲಿ ಕಳೆದು ಬದುವಿನ ಮೇಲೆ ಇಡುವುದು ಅವನ ರೂಢಿ. "ಅನ್ನಾ ಕೊಡೂ ಭೂಮಿ ಮ್ಯಾಲ ಕೆರ ಮೆಟ್ಟಿ ಅಡ್ಡಾಡ್ತಾರೇನು?" ಎಂದು ಅಪ್ಪನಿಗೂ ಬೈಯುತ್ತಿದ್ದ.

ಅವನಿಗೆ ಸಕ್ಕರೆ ಇದೆಯೆಂದು ಮೊದಲು ಅನುಮಾನಪಟ್ಟವಳು ಆಯಿ. ಚರಿಗೆ ಚರಿಗೆ ನೀರು ಕುಡಿಯುತ್ತಿದ್ದ, ಕುಡಿದಷ್ಟೂ ಬಾಯಾರಿಕೆ. ಹಿತ್ತಲಿನ ಗೋಡೆಯ ಮೂಲೆಯಲ್ಲಿ ಅವನು ಮೂತ್ರಕ್ಕೆ ಎದ್ದು ಹೋಗಿ ಬಂದ ಜಾಗಕ್ಕೆ ಕೆಂಪಿರುವೆ ಸಾಲುಗಟ್ಟುತ್ತಿದ್ದವು. ಸಿಂದಗಿಯ ಡಾಕ್ಟರು ಪರೀಕ್ಷೆ ಮಾಡಿ, ಗುಳಿಗೆ ಬರೆದುಕೊಟ್ಟು, ಸಿಹಿ ಬಿಡಬೇಕು ಅಂದರು. ಅಂದಿನಿಂದ ಆಯಿಯ ಔಷಧ ಶುರುವಾಯಿತು. ಬೆಳಿಗ್ಗೆ ನೆನೆಸಿದ ಮೆಂತ್ಯ, ಮಧ್ಯಾಹ್ನ ಹಾಗಲಕಾಯಿ ಪಲ್ಯ, ನಡುನಡುವೆ ನೇರಳೆ ಬೀಜ ಒಣಗಿಸಿ ಕುಟ್ಟಿದ ಪುಡಿ. ಮನೆಯೆಲ್ಲ ಕಹಿ ಕಹಿ ವಾಸನೆ. ಮುತ್ಯಾ ಮುಖ ಗಂಟು ಹಾಕಿಕೊಂಡು ಎಲ್ಲ ನುಂಗುತ್ತಿದ್ದ. ಯಾರಾದರೂ ಬಂದರೆ ದೊಡ್ಡ ದನಿಯಲ್ಲಿ, "ನನ್ನ ಚಾಕ್ಕ ಸಕ್ರಿ ಹಾಕಬ್ಯಾಡ್ರವಾ" ಎಂದು ಕೂಗಿ ಹೇಳುತ್ತಿದ್ದ. ಆದರೆ ಅವನ ಅಂಗಿಯ ಒಳಗಿಸೆಗೆ ಕೈ ಹಾಕಿದರೆ ಬೆಲ್ಲದ ಚೂರು ಸಿಗುತ್ತಿತ್ತು.

"ಮುತ್ಯಾ, ಇದು ತಿನ್ನಬಹುದೇನು?" ಎಂದು ಒಮ್ಮೆ ಕೇಳಿದೆ.

"ಡಾಕ್ಟರು ಸಕ್ರಿ ಬ್ಯಾಡ ಅಂದಾರ. ಬೆಲ್ಲದ ಸುದ್ದಿ ತಗದಿಲ್ಲ," ಅಂದ, ಅರ್ಧ ಚೂರು ನನಗೂ ಕೊಟ್ಟ.

ಆ ವರ್ಷ ಹಿಂಗಾರು ಚೆನ್ನಾಗಿತ್ತು. ಎಳ್ಳಮಾಸಿಯ, ಎಂದರೆ ಎಳ್ಳು ಅಮಾವಾಸ್ಯೆಯ, ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಜೋಳ ಆಳೆತ್ತರ ನಿಂತಿತ್ತು. ಬುಟ್ಟಿ ಬಿಚ್ಚಿದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ ಭರ್ತ, ಶೇಂಗಾ ಹೋಳಿಗೆ. ಎಣ್ಣೆ, ಎಳ್ಳು, ಬೆಲ್ಲದ ವಾಸನೆ ಜೋಳದ ಗರಿಯ ವಾಸನೆಯ ಜೊತೆ ಬೆರೆತು ಹಸಿವು ಇಮ್ಮಡಿಯಾಗುತ್ತಿತ್ತು. ಮುತ್ಯಾ ಹೊಲದ ನಾಲ್ಕೂ ದಿಕ್ಕಿಗೆ ಭೂತಾಯಿಯ ನೈವೇದ್ಯದ ಚರಗ ಚೆಲ್ಲಿ ಬಂದು ಕುಳಿತ. ಆಯಿ ಬೇರೆ ಕಡೆ ತಿರುಗಿದ ಕೂಡಲೇ ಒಂದು ಹೋಳಿಗೆ ಎತ್ತಿಕೊಂಡ. ಅದಾದ ಮೇಲೆ ಸೀತನಿ ಕಾಲ. ಹಾಲುದುಂಬಿದ ತೆನೆ ಸೆಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಬಿಸಿ ಕಾಳನ್ನು ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಜೊತೆ ಬಾಯಿಗೆ ಹಾಕಿಕೊಳ್ಳುವ ದಿನಗಳು. ಸಾಲಿ ಬಿಟ್ಟ ಕೂಡಲೇ ನಾವು ಹೊಲಕ್ಕೆ ಓಡುತ್ತಿದ್ದೆವು. ತುಟಿ, ಗಲ್ಲ ಎಲ್ಲ ಮಸಿ. ಮುತ್ಯಾ ಆ ಜೋಳದ ಸಾಲುಗಳಲ್ಲಿ ಹಕ್ಕಿ ಹೊಡೆಯುತ್ತ ದಿನವಿಡೀ ಬರಿಗಾಲಲ್ಲಿ ತಿರುಗುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಅವನ ಕಾಲು ಒತ್ತುವುದು ನನ್ನ ಕೆಲಸ. ಅವನು ಕಟ್ಟೆಯ ಮೇಲೆ ಕಾಲು ಚಾಚಿ ಗೋಡೆಗೆ ಒರಗಿ ಕೂರುತ್ತಿದ್ದ, ನಾನು ಒತ್ತುತ್ತಿದ್ದೆ, ಅವನು ಎತ್ತುಗಳ ಸುದ್ದಿ ಹೇಳುತ್ತಿದ್ದ. ಸೀತನಿ ಕಾಲದ ಒಂದು ಸಂಜೆಯೂ ಹಾಗೇ. ಬಲಗಾಲಿನ ಅಡಿಗೆ, ಕಿರುಬೆರಳಿನ ಬುಡದಲ್ಲಿ ಹೆಬ್ಬೆರಳಿಟ್ಟು ಒತ್ತಿದೆ. ಏನೋ ಚೂಪಾದದ್ದು ನನ್ನ ಬೆರಳಿಗೆ ತಗುಲಿತು, ಜೊತೆಗೆ ಹಸಿ ಹಸಿ. ಮುತ್ಯಾ ಮಾತು ನಿಲ್ಲಿಸಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಗಲೂ ನಿಲ್ಲಿಸಲಿಲ್ಲ.

"ಮುತ್ಯಾ, ನೋಯಾಕತ್ತಿಲ್ಲೇನು?"

"ಏನು ನೋಯೂದು? ಕೈಯಾಗ ಶಕ್ತಿ ಇಲ್ಲೇನವಾ ನಿನಗ? ಇನ್ನಷ್ಟು ಜೋರ ಒತ್ತು."

ಕಂದೀಲು ತಂದು ಕೆಳಗೆ ಹಿಡಿದೆ. ಜಾಲಿಮುಳ್ಳು. ಬುಡದ ತನಕ ಒಳಗೆ ಹೋಗಿತ್ತು, ಕರಿ ತಲೆ ಮಾತ್ರ ಕಾಣುತ್ತಿತ್ತು. ಸುತ್ತಲಿನ ಚರ್ಮ ನೀರಲ್ಲಿ ನೆನೆದಂತೆ ಬೆಳ್ಳಗೆ ಉಬ್ಬಿತ್ತು. ಅದರಿಂದ ಬಂದ ವಾಸನೆ ನನಗೆ ಇವತ್ತಿಗೂ ನೆನಪಿದೆ. ಅವನು ಧೋತರ ಎಳೆದುಕೊಂಡು, "ಸುಮ್ಮನಿರು, ಯಾರಿಗೂ ಹೇಳಬ್ಯಾಡ" ಅನ್ನುವಷ್ಟರಲ್ಲಿ ನಾನು ಚೀರಿದ್ದೆ: "ಆಯೀ!"

ಆಯಿ ಹಿಟ್ಟಿನ ಕೈಯಲ್ಲೇ ಬಂದಳು. ನೋಡಿದಳು. "ಎಂದ ಚುಚ್ಚೇತ್ರಿ ಇದು?"

"ಯಾರಿಗೆ ಗೊತ್ತು? ಹೊಲದಾಗ ಅಡ್ಡಾಡಾವಗ ಮುಳ್ಳು ಹತ್ತಾಂಗಿಲ್ಲೇನು?"

ಆಯಿ ಸೂಜಿ ಕಾಸಿ ಮುಳ್ಳು ತೆಗೆದಳು. ಕೀವು ಬಂತು, ಕರಿ ರಕ್ತ ಬಂತು. ಮುತ್ಯಾ ಆ ಕಾಲು ಬೇರೆ ಯಾರದೋ ಎನ್ನುವಂತೆ ನೋಡುತ್ತ ಕುಳಿತಿದ್ದ. ಸೂಜಿ ಒಳಗೆ ಹೋದರೂ ಅವನ ಕಣ್ಣು ಮಿಟುಕಲಿಲ್ಲ. ರಕ್ತಕ್ಕಿಂತ ಅದನ್ನು ನೋಡಿ ನನಗೆ ಹೆಚ್ಚು ಹೆದರಿಕೆಯಾಯಿತು.

ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದರು. ವಾಸಿಯಾಗಲಿಲ್ಲ. ಪಾದ ಊದಿತು. ಕೊನೆಯ ಎರಡು ಬೆರಳು ಬಣ್ಣ ಬದಲಿಸಿದವು. ಅಪ್ಪ ಹೇಗೋ ಒಪ್ಪಿಸಿ ಸಿಂದಗಿಗೆ ಕರೆದುಕೊಂಡು ಹೋದ. ಡಾಕ್ಟರು ಬಟ್ಟೆ ಬಿಚ್ಚಿ ನೋಡಿ, "ನನ್ನ ಕೈಯಾಗ ಇಲ್ಲ. ಇವತ್ತಽ ಬಿಜಾಪುರಕ್ಕ ಒಯ್ದು ದವಾಖಾನಿಗೆ ಹಾಕ್ರಿ" ಅಂದರಂತೆ. ಮುತ್ಯಾ ಎದ್ದವನೇ ಬಸ್ ಸ್ಟ್ಯಾಂಡಿಗೆ ಕುಂಟುತ್ತ ನಡೆದು, ಬಿಜಾಪುರದ ಬಸ್ಸು ಹತ್ತದೆ ಊರ ಕಡೆಯ ಬಸ್ಸು ಹತ್ತಿಬಿಟ್ಟ. ಅಪ್ಪ ಹಿಂದೆ ಹಿಂದೆ ಓಡಿ ಬಂದ.

"ರಾಶಿ ಆಗಲಿ. ಆಮ್ಯಾಲ ನೋಡೂನು." ಅದೊಂದೇ ಮಾತು ಅವನದು.

ಅವನು ಹಟ ಮಾಡಿದ್ದು ಯಾಕೆಂದು ಆಯಿ ಅವ್ವನಿಗೆ ರೊಟ್ಟಿ ಬಡಿಯುತ್ತ ಹೇಳಿದಳು, ನಾನು ಒಲೆಯ ಪಕ್ಕದಲ್ಲಿ ಕುಳಿತು ಕೇಳಿದೆ. ಮುತ್ಯಾನ ಅಪ್ಪನಿಗೂ ಹಿಂದೆ ಕಾಲಿಗೆ ಹುಣ್ಣಾಗಿತ್ತು. ಯಾರೋ ಮಾಟ ಮಾಡಿದ್ದಾರೆ ಎಂದು ಊರೆಲ್ಲ ಅಂದಿತ್ತು. ಕೊನೆಗೆ ಬಂಡಿಯಲ್ಲಿ ಮಲಗಿಸಿಕೊಂಡು ದೂರದ ದೊಡ್ಡ ದವಾಖಾನೆಗೆ ಒಯ್ದರು. ಬಂಡಿ ಹೊಡೆದವನು ಮುತ್ಯಾ, ಆಗಿನ್ನೂ ಮೀಸೆ ಮೂಡುವ ವಯಸ್ಸು. ಅಲ್ಲಿ ಮೊಣಕಾಲಿನ ಮೇಲೆ ಕೊಯ್ದರು. ಹಿಂದಿರುಗುವಾಗ ಬಂಡಿಯಲ್ಲಿ ಹೆಣವಿತ್ತು.

"ಅಂದಿನಿಂದ ದವಾಖಾನಿ ಅಂದ್ರ ಆ ಬಂಡಿನಽ ನೆನಪಾಗತೈತಿ ಅವರಿಗೆ," ಅಂದಳು ಆಯಿ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಅಪ್ಪ ಅಂದೇ ಮನಗೂಳಿ ಕಡೆಗೆ ಹೊರಟವರೊಬ್ಬರ ಹತ್ತಿರ ಹೇಳಿ ಕಳಿಸಿದ. ಮನಗೂಳಿಯಲ್ಲಿ ಮುತ್ಯಾನ ಅಕ್ಕ ಇದ್ದಳು. ಗಂಗವ್ವ ಅಂತ ಹೆಸರಾದರೂ ನನಗೆ ಅವಳು ಯಾವಾಗಲೂ ಮನಗೂಳಿ ಆಯಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಳಿಗೂ ಸಕ್ಕರೆ ಇತ್ತು, ಮುತ್ಯಾನಿಗಿಂತ ಎಷ್ಟೋ ಮೊದಲೇ.

ಮರುದಿನ ಬಸ್ಸಿನಿಂದ ಇಳಿದಳು. ಸಣ್ಣ ಆಳು, ದಪ್ಪ ಕನ್ನಡಕ, ಬಗಲಲ್ಲಿ ಒಂದು ಗಂಟು, ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಗಿ. ಏನೋ ತಿನ್ನುವುದು ತಂದಿದ್ದಾಳೆಂದು ನಾನು ಮಗಿಗೆ ಕೈ ಹಾಕಿದೆ. ಒಳಗೆ ಹಸಿ ಮರಳು, ಮರಳಿನ ನಡುವೆ ಚಿಕ್ಕ ಗಾಜಿನ ಬಾಟಲಿ.

"ಏನೈತಿ ಆಯಿ ಇದು?"

"ನನ್ನ ಎರಡನೇ ಗಂಡ," ಅಂದಳು. "ದಿನಾ ಎರಡ ಹೊತ್ತು ಕೇಳತಾನ. ಎಲ್ಲಿ ಹೋದ್ರೂ ಕೂಡ ಕರಕೊಂಡ ಹೋಗಬೇಕು. ಬಿಸಲಿಗೆ ಇಟ್ರ ಕೆಡತಾನ."

ನೀಲವ್ವ ಆಯಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಕ್ಕಳು. ಮನೆಯಲ್ಲಿ ಎಷ್ಟೋ ದಿನದ ಮೇಲೆ ಕೇಳಿದ ನಗು ಅದು. ಬಾಟಲಿಯಲ್ಲಿದ್ದದ್ದು ಇನ್ಸುಲಿನ್. ಊರಲ್ಲಿ ಯಾರ ಮನೆಯಲ್ಲೂ ಫ್ರಿಜ್ ಇರಲಿಲ್ಲ. ತಂಪಿಗೆ ಅವಳು ಕಂಡುಕೊಂಡ ಉಪಾಯ ಆ ಮಗಿ.

ಸಂಜೆ ಊಟಕ್ಕೆ ಮೊದಲು ಗಾಜಿನ ಸಿರಿಂಜು ಕುದಿಸಿ, ಗೋಡೆಗೆ ತಿರುಗಿ ಕುಳಿತು, ಹೊಟ್ಟೆಗೆ ತಾನೇ ಚುಚ್ಚಿಕೊಂಡಳು. ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ನೋಡಿದೆ.

"ನೋಯಾಂಗಿಲ್ಲೇನು ಆಯಿ?"

"ನೋಯತೈತಿ. ನೋಯೂದು ಛೊಲೋನಽ ನೋಡವಾ. ನಿಮ್ಮ ಮುತ್ಯಾನ ಕಾಲು ನೋಯಾಕ ಒಲ್ಲದು. ಅದಕ್ಕಽ ನಾ ಓಡಿ ಬಂದೇನಿ."

ಮುತ್ಯಾ ಅಕ್ಕನನ್ನು ನೋಡಿ ಖುಷಿಪಟ್ಟಿದ್ದ, ಆದರೆ ಅವಳು ಬಂದದ್ದು ಯಾಕೆಂದು ಗೊತ್ತಿತ್ತು. "ಬಂದೀದಿ, ಛೊಲೋ ಆತು. ಇನ್ನೂ ಸೀತನಿ ಐತಿ ಹೊಲದಾಗ. ತಿಂದ ಹೋಗೀಯಂತ," ಅಂದ.

"ಸೀತನಿ ತಿನ್ನಾಕ ಬಂದಿಲ್ಲ. ಕಾಲ ತಗಿ," ಅಂದಳು. ಬಟ್ಟೆ ಬಿಚ್ಚಿ ಕಂದೀಲಿಗೆ ಹಿಡಿದು ನೋಡಿದಳು, ಮೂಗಿನ ಹತ್ತಿರ ತಂದು ಮೂಸಿದಳು. ಮತ್ತೆ ಮೆಲ್ಲಗೆ ಕಟ್ಟಿದಳು. "ನಾಳೆ ಮುಂಜಾನೆ ಬಿಜಾಪುರಕ್ಕ ಹೋಗೂದು."

"ರಾಶಿ ಆಗಲಿ ಅಕ್ಕಾ."

ಅವಳು ಕಂದೀಲು ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಅವಳು ಎಂದಿನಂತೆ ಸಿರಿಂಜು ಕುದಿಸಿದಳು. ಒರೆಸಿ ಬಟ್ಟೆಯ ಮೇಲೆ ಇಟ್ಟಳು. ಮುತ್ಯಾ ಕಟ್ಟೆಯ ಮೇಲೆ ಕುಳಿತಿದ್ದ. ಅವನ ಎದುರಿಗೆ ಬಂದು ಕೇಳಿದಳು, "ಬರ್ತೀಯೇನು?"

"ಇಲ್ಲ ಅಂದೇನಲ್ಲ."

ಅವಳು ಸಿರಿಂಜನ್ನು ಬಟ್ಟೆಯಲ್ಲಿ ಸುತ್ತಿ ಮಗಿಯ ಬಾಯಿಯ ಮೇಲೆ ಇಟ್ಟುಬಿಟ್ಟಳು. "ಹಂಗಾದ್ರ ನಾನೂ ಚುಚ್ಚಿಕೊಳ್ಳಾಂಗಿಲ್ಲ. ನೀ ಏಳೂಮಟ ಇಲ್ಲೇ ಕುಂಡ್ರತೇನಿ."

"ಹುಚ್ಚ ಹಿಡದೈತೇನು ನಿನಗ?"

"ಹುಂ. ನಮ್ಮ ಮನಿತನದಾಗ ಐತಿ ಅದು."

ಸಿಟ್ಟಿಲ್ಲ, ಅಳುವಿಲ್ಲ, ಅವನ ಎದುರಿಗೆ ಕಂಬಕ್ಕೆ ಒರಗಿ ಕುಳಿತಳು. ಆಯಿ ಬಂದು, "ಅಕ್ಕಾರ, ಹಿಂಗ ಮಾಡಬ್ಯಾಡ್ರಿ. ನಿಮಗೇನರ ಆದ್ರ ಯಾರ ಗತಿ?" ಎಂದು ಕೈಮುಗಿದಳು. "ನೀ ಒಳಗ ಹೋಗು ನೀಲವ್ವ. ಇದು ನಮ್ಮಿಬ್ಬರದು," ಅಂದಳು ಮನಗೂಳಿ ಆಯಿ. ಅಪ್ಪ ಜೀಪು ಗೊತ್ತು ಮಾಡಿ ಬಂದು ಅಂಗಳದಲ್ಲಿ ನಿಲ್ಲಿಸಿದ. ನನ್ನನ್ನು ಸಾಲಿಗೆ ಕಳಿಸುವುದು ಎಲ್ಲರಿಗೂ ಮರೆತು ಹೋಗಿತ್ತು.

ಬಿಸಿಲು ಕಟ್ಟೆಯ ಮೇಲೆ ಏರಿತು. ಮನಗೂಳಿ ಆಯಿ ನೀರು ಕೇಳಿದಳು. ತಂದು ಕೊಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಆಮೇಲೆ ಚರಿಗೆಯನ್ನು ಅಲ್ಲೇ ಇಟ್ಟುಕೊಂಡಳು. ಅವಳ ತುಟಿ ಒಣಗಿದ್ದು ನನಗೂ ಕಾಣುತ್ತಿತ್ತು. ಮುತ್ಯಾ ಬೇರೆಡೆ ನೋಡುತ್ತಿದ್ದ, ಆದರೆ ಪ್ರತಿ ಸಲ ಚರಿಗೆಯ ಸಪ್ಪಳವಾದಾಗ ಅವನ ಕಣ್ಣು ಇತ್ತ ತಿರುಗುತ್ತಿತ್ತು.

"ನೀರು ಕುಡಿಯೂದು ನೋಡಾಕತ್ತೀಯಲ್ಲಾ," ಅಂದಳು ಅವಳು. "ಅಪ್ಪನೂ ಹಿಂಗಽ ಕುಡಿತಿದ್ದ. ನೆನಪೈತೇನು?"

ಮುತ್ಯಾ ಅಂಗಳದ ಕಡೆ ಮುಖ ತಿರುಗಿಸಿದ.

"ಅವ್ವ ದಿನಾ ಹಿತ್ತಲದಾಗ ಬೂದಿ ಚೆಲ್ಲತಿದ್ಲು, ಇರಿವಿ ಬರತಾವಂತ. ನೆನಪ ಮಾಡ್ಕೋ. ಅಪ್ಪಗ ಯಾರೂ ಮಾಟ ಮಾಡಿರಲಿಲ್ಲ ತಮ್ಮಾ. ಅವಗ ಇದಽ ಇತ್ತು. ನನಗ ಬಂದದ್ದು, ನಿನಗ ಬಂದದ್ದು ಅವನ ಕಡಿಂದಽ."

"ಬ್ಯಾನಿ ಯಾವುದಾದ್ರೇನು? ಕಾಲು ಕೊಯ್ದಽ ಕೊಂದ್ರು."

"ಕೊಯ್ದಿದ್ದಕ್ಕ ಸತ್ತಿಲ್ಲ. ಒಯ್ಯೂದು ತಡಾ ಆಗಿತ್ತು. ಡಾಕ್ಟರು ನನ್ನ ಮುಂದಽ ಬೈದ್ರು, ಇಷ್ಟ ದಿನಾ ಏನ ಮಾಡತಿದ್ರಿ ಅಂತ. ನೀ ಹೊರಗ ಎತ್ತು ಹಿಡಕೊಂಡ ನಿಂತಿದ್ದಿ. ನಾ ನಿನಗ ಹೇಳಲಿಲ್ಲ, ಸಣ್ಣಾವ ಇದ್ದಿ ಅಂತ."

"ಯಾರು ತಡಾ ಮಾಡಿದ್ರು?" ಅವನ ದನಿ ಸಣ್ಣದಾಗಿತ್ತು.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ನಾವಽ. ಅಪ್ಪನಽ ಅಂದಿದ್ದ, ರಾಶಿ ಆಗಲಿ ಅಂತ. ನಾವೆಲ್ಲಾ ಹುಂ ಅಂದಿದ್ವಿ."

ಅಂಗಳದಲ್ಲಿ ಕೋಳಿ ಕೆದರುವ ಸಪ್ಪಳ, ಜೀಪಿನವನು ಬೀಡಿ ಹಚ್ಚಿಕೊಂಡ ವಾಸನೆ. ಮುತ್ಯಾ ಪಟಗಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಆಮೇಲೆ ಅದನ್ನು ಮತ್ತೆ ಸುತ್ತಿಕೊಂಡ. ಗೋಡೆ ಹಿಡಿದು ಎದ್ದ.

"ಸೂಜಿ ಚುಚ್ಚಿಕೋ ಅಕ್ಕಾ," ಅಂದ. "ಬರ್ತೇನಿ."

ಅವಳು ಚುಚ್ಚಿಕೊಂಡು, ಅವನ ಜೊತೆ ಒಂದೇ ತಾಟಿನಲ್ಲಿ ರೊಟ್ಟಿ ತಿಂದು, ಮಗಿ ಎತ್ತಿಕೊಂಡು ಜೀಪು ಹತ್ತಿದಳು. ಅಪ್ಪನೂ ಹೋದ. ಆಯಿ ಹೊಲ, ದನ ನೋಡಿಕೊಂಡು ನಮ್ಮ ಜೊತೆ ಉಳಿದಳು.

ಆ ದಿನಗಳು ನನಗೆ ಬಹಳ ಉದ್ದವಾಗಿದ್ದವು. ಜೋಳ ಕಿತ್ತು ಸಾಲಾಗಿ ಮಲಗಿಸಿದರು, ಹೆಣ್ಣಾಳುಗಳು ತೆನೆ ಮುರಿದರು, ಉಳಿದ ದಂಟಿನ ಕಣಿಕೆಯನ್ನು ಬಣವಿ ಒಟ್ಟಿದರು. ಆಯಿ ಎಲ್ಲದರಲ್ಲೂ ನಿಂತಿದ್ದಳು, ಆದರೆ ರಸ್ತೆಯ ಕಡೆಗೆ ಒಂದು ಕಣ್ಣು. ಒಂದು ಮಧ್ಯಾಹ್ನ ಅಪ್ಪ ಬಂದ. ಬಾಗಿಲಲ್ಲೇ ನಿಂತು ಹೇಳಿದ: "ಎರಡು ಬೆರಳು ಹೋದುವು. ಕಾಲು ಉಳೀತು."

ಆಯಿ ಒಲೆಯ ಮುಂದೆ ಕುಳಿತಿದ್ದವಳು ಹಾಗೇ ಕುಳಿತಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕಪ್ಪಾಗುವ ತನಕ ಅವಳು ಕೈಯೆತ್ತಲಿಲ್ಲ. ಆಮೇಲೆ ನನ್ನನ್ನು ಹತ್ತಿರ ಕರೆದು, ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಸವರಿ, "ನೀ ಅವತ್ತ ಒದರಿದ್ದು ಛೊಲೋ ಆತವಾ" ಅಂದಳು.

ಮುತ್ಯಾ ತೆಳ್ಳಗಾಗಿ ಬಂದ. ಗಾಯ ಮಾಗತೊಡಗಿತ್ತು, ಇನ್ನೂ ಬಟ್ಟೆ ಕಟ್ಟಿದ್ದರು. ಜೊತೆಗೆ ಡಾಕ್ಟರು ಹೇಳಿ ಮಾಡಿಸಿದ ಕರಿ ಬಣ್ಣದ, ಪಟ್ಟಿಯಿದ್ದ ಮೆತ್ತನೆಯ ಚಪ್ಪಲಿ. ಮನೆಯೊಳಗೂ ಬರಿಗಾಲಿಡಬಾರದು, ದಿನಾ ಕಾಲು ನೋಡಬೇಕು, ಇದು ಅವರ ಕಟ್ಟಪ್ಪಣೆ. ಮನಗೂಳಿ ಆಯಿ ಅದನ್ನು ಜಾರಿಗೆ ತರಲು ನಮ್ಮಲ್ಲೇ ಉಳಿದಳು.

ದಿನಾ ಸಂಜೆ ಅಕ್ಕ ತಮ್ಮ ಇಬ್ಬರೂ ಕಾಲು ತೊಳೆದು, ಒರೆಸಿ, ಕಟ್ಟೆಯ ಮೇಲೆ ಸಾಲಾಗಿ ಚಾಚುತ್ತಿದ್ದರು. ಇಬ್ಬರಿಗೂ ಕಣ್ಣು ಮಂದ. ನೋಡುವವಳು ನಾನು. ಅಂಗಾಲು, ಹಿಮ್ಮಡಿ, ಬೆರಳ ಸಂದಿ ಎಲ್ಲ ಕಂದೀಲು ಹಿಡಿದು ನೋಡಿ, ಒಡೆದಿದೆ, ಇಲ್ಲ, ಕೆಂಪಗಿದೆ, ಇಲ್ಲ ಎಂದು ಹೇಳಬೇಕು. "ಡಾಕ್ಟರಬಾಯಾರು ಬಂದ್ರು, ನೆಟ್ಟಗ ಕುಂಡ್ರು," ಎಂದು ಮುತ್ಯಾ ಅಕ್ಕನನ್ನು ಮೊಣಕೈಯಿಂದ ತಿವಿಯುತ್ತಿದ್ದ. ಯಾರ ಕಾಲು ಛೊಲೋ ಎಂದು ಜಗಳ ಬೇರೆ. ಆಯಿ, ಅವ್ವ ಕೂಡ ಕೆಲಸ ಬಿಟ್ಟು ಬಂದು ಬಗ್ಗಿ ನೋಡಿ ಹೋಗುತ್ತಿದ್ದರು.

ಊಟದ ರೀತಿಯೂ ಬದಲಾಯಿತು. ರೊಟ್ಟಿ ಕಡಿಮೆ, ಹೆಸರುಕಾಳು, ಸೊಪ್ಪಿನ ಪಲ್ಯ ಹೆಚ್ಚು. ಉಂಡ ಕೂಡಲೇ ಮಲಗುವಂತಿಲ್ಲ, ಅಂಗಳದಲ್ಲಿ ಇಬ್ಬರೂ ತಿರುಗಬೇಕು. ಒಂದು ದಿನ ಅಂಗಿ ಒಗೆಯಲು ತೆಗೆದುಕೊಂಡಾಗ ಮನಗೂಳಿ ಆಯಿಯ ಕೈಗೆ ಒಳಗಿಸೆಯ ಬೆಲ್ಲ ಸಿಕ್ಕಿತು.

"ಇದೇನೋ ತಮ್ಮಾ?"

"ಎತ್ತಿಗೆ ಅಂತ ಇಟ್ಟಿದ್ದೆ."

"ಹೌದಾ?" ಅಂದವಳೇ ಸೀದಾ ಕೊಟ್ಟಿಗೆಗೆ ಹೋಗಿ ಎತ್ತಿಗೆ ತಿನ್ನಿಸಿ ಬಂದಳು. ಮುತ್ಯಾ ಎತ್ತಿನ ಕಡೆ ನೋಡಿದ ನೋಟಕ್ಕೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೆ ಕಣ ಮಾಡುವ ದಿನ ಹತ್ತಿರ ಬಂದಂತೆ ಅವನು ಮಾತು ಕಡಿಮೆ ಮಾಡಿದ. ನೆಲ ಅಗೆದು, ನೀರು ಹೊಡೆದು, ತುಳಿದು, ಸೆಗಣಿ ಸಾರಿಸಿದ ಕಣವೆಂದರೆ ನಮ್ಮಲ್ಲಿ ದೇವರ ಜಗಲಿಯಷ್ಟೇ ಮಡಿ. ಚಪ್ಪಲಿ ಹಾಕಿ ಅದರೊಳಗೆ ಯಾರೂ ಕಾಲಿಡುವುದಿಲ್ಲ. ಮುತ್ಯಾನಿಗೆ ಈಗ ಚಪ್ಪಲಿ ಇಲ್ಲದೆ ಕಾಲಿಡುವಂತಿಲ್ಲ.

"ಹಾಕ್ಕೊಂಡ ಬಾ ಅಪ್ಪಾ, ದೇವರೇನು ಸಿಟ್ಟಾಗಾಂಗಿಲ್ಲ," ಅಂದ ಅಪ್ಪ.

"ದೇವರು ಆಗಾಂಗಿಲ್ಲ. ನನಗ ಆಗಾಂಗಿಲ್ಲ," ಅಂದ ಮುತ್ಯಾ. "ನೀ ಹೊಡಿ ಹಂತಿ. ನಾ ಬೇವಿನ ಗಿಡದ ಬುಡಕ್ಕ ಕುಂತು ನೋಡತೇನಿ."

ಅಂದು ಅವನು ಊಟವನ್ನು ಅರ್ಧಕ್ಕೇ ಬಿಟ್ಟ. ಅಕ್ಕನೂ ಒತ್ತಾಯ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ಇಬ್ಬರು ಆಯಿಯರೂ ಪಡಸಾಲೆಯಲ್ಲಿ ಹಳೆ ಬಟ್ಟೆ ಹರವಿಕೊಂಡು ಕುಳಿತರು. ಕೌದಿ ಹೊಲಿಯುತ್ತಿದ್ದಾರೆ ಎಂದುಕೊಂಡೆ. ಮುತ್ಯಾನ ಹಳೆ ಧೋತರ, ಆಯಿಯ ಸವೆದ ಇಳಕಲ್ ಸೀರೆಯ ತುಂಡು, ನಡುವೆ ಹಾಕಲು ಕಂಬಳಿಯ ಚೂರು. ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಪಾಲಿಗೆ ಬಂತು. ಪದರದ ಮೇಲೆ ಪದರ ಇಟ್ಟು ಕೌದಿಯ ಹಾಗೇ ಒತ್ತೊತ್ತಾಗಿ ಹೊಲಿದರು. ಆಮೇಲೆ ಮುತ್ಯಾನ ಕರಿ ಚಪ್ಪಲಿಯನ್ನು ಮೇಲಿಟ್ಟು ಇದ್ದಿಲಿನಿಂದ ಗೆರೆ ಎಳೆದಾಗ ನನಗೆ ಗೊತ್ತಾಯಿತು. ಅವರು ಬಟ್ಟೆಯ ಬೂಟು ಹೊಲಿಯುತ್ತಿದ್ದರು.

"ಚರ್ಮ ಇಲ್ಲ, ರಬ್ಬರ್ ಇಲ್ಲ. ಯಾರೂ ಕಾಲಾಗ ಹಾಕಿದ್ದಲ್ಲ," ಅಂದಳು ಆಯಿ. "ಕಣಕ್ಕ ಅಷ್ಟಽ. ಹೊರಗ ಕಾಲಿಡಾಂಗಿಲ್ಲ."

"ಬಲಗಾಲಿಂದು ಮುಂದ ತುಸು ಅಗಲ ಬಿಡು ನೀಲವ್ವ, ಉಳಿದ ಬೆರಳು ಒತ್ತಬಾರದು," ಅಂದಳು ಮನಗೂಳಿ ಆಯಿ.

ಮುತ್ಯಾ ಅದನ್ನು ನೋಡಿ ಮೊದಲು ಮುಖ ಕೆಂಪಗೆ ಮಾಡಿಕೊಂಡ. "ಹೆಣ್ಣಮಕ್ಕಳ ಕೌದಿ ಕಾಲಿಗೆ ಸುತ್ತಿಕೊಂಡು ಮಂದಿ ಮುಂದ ಹೋಗಲೇನು?"

"ಕೌದಿ ಹೊದ್ದು ಮಲಗೂಮುಂದ ನಾಚಿಕಿ ಬರಾಂಗಿಲ್ಲೇನ್ರಿ?" ಅಂದಳು ಆಯಿ. ಗಂಡನ ಮಾತಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನು ಅವಳನ್ನೇ ನೋಡಿದ. ಆಮೇಲೆ ಕಾಲು ಮುಂದೆ ಚಾಚಿದ. ಆಯಿಯೇ ಬಗ್ಗಿ ತೊಡಿಸಿ, ಲಾಡಿ ಕಟ್ಟಿದಳು.

ಹಂತಿಯ ದಿನ ಬಿಸಿಲು ಇಳಿದ ಮೇಲೆ ಎತ್ತು ಕಟ್ಟಿದರು. ಮುತ್ಯಾ ಕಣದ ಅಂಚಿನವರೆಗೆ ಕರಿ ಚಪ್ಪಲಿಯಲ್ಲಿ ಬಂದು, ಹಾಸಿದ ಗೋಣಿಯ ಮೇಲೆ ಕುಳಿತು, ಬದಲಿಸಿಕೊಂಡ. ಬಂದವರಲ್ಲಿ ಯಾರೋ ನಕ್ಕರು. ಯಾರೋ, "ಮಲ್ಲಪ್ಪಗ ಮಾವನ ಮನಿ 'ಬೂಟು' ಬಂದಾವು" ಅಂದರು. ಅವನು ಕೇಳಿಸಿಕೊಳ್ಳದವನಂತೆ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಕಾಲಿಟ್ಟ. ಮೊದಲು ಎತ್ತಿನ ಬೆನ್ನು ಹಿಡಿದುಕೊಂಡೇ ನಡೆದ, ಕುಂಟುತ್ತ. ಹಾಡಲಿಲ್ಲ. ಒಣ ತೆನೆ ಕಾಲಡಿಗೆ ಚರಚರ ಅನ್ನುತ್ತಿದ್ದುದು ಮಾತ್ರ ಕೇಳಿಸುತ್ತಿತ್ತು. ಮನಗೂಳಿ ಆಯಿ ಬೇವಿನ ಬುಡದಲ್ಲಿ ನಿಂತು ಕನ್ನಡಕ ಸರಿಮಾಡಿಕೊಳ್ಳುತ್ತ ಅವನ ಕಾಲನ್ನೇ ನೋಡುತ್ತಿದ್ದಳು. ಆಮೇಲೆ ಯಾವಾಗಲೋ ಅವನ ದನಿ ಎದ್ದಿತು. ಮೊದಲಿನಷ್ಟು ದೊಡ್ಡದಾಗಿರಲಿಲ್ಲ. ಆದರೆ ಅಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತ. ನಕ್ಕವರೂ ಸೊಲ್ಲಿಗೆ ಸೊಲ್ಲು ಕೂಡಿಸಿದರು. ಆಯಿ ಮಾತ್ರ ನಮ್ಮ ಕಡೆ ಬೆನ್ನು ಮಾಡಿ, ಕಣದ ಅಂಚಿನಲ್ಲಿ ಸಿಡಿದಿದ್ದ ಕಾಳುಗಳನ್ನು ಆರಿಸುತ್ತ ಕುಳಿತಿದ್ದಳು.

ಉಗಾದಿ ಮುಗಿದ ಮೇಲೆ ಮನಗೂಳಿ ಆಯಿ ಹೊರಟಳು. ಹೋಗುವಾಗ ಮುತ್ಯಾನಿಗೆ ಏನೂ ಹೇಳಲಿಲ್ಲ, ನನಗೆ ಹೇಳಿದಳು: "ದಿನಾ ನೋಡಬೇಕ ಮತ್ತ. ಅಂವ ಬ್ಯಾಡ ಅಂದ್ರೂ ನೋಡಬೇಕು." ನಾನು ನೋಡಿದೆ. ನನ್ನ ಮದುವೆಯಾಗುವ ತನಕ ನೋಡಿದೆ. ಮುತ್ಯಾ ಅದೇ ಕಾಲಿನಲ್ಲಿ ಬಹಳ ವರ್ಷ ನಡೆದ, ನನ್ನ ಮದುವೆಯಲ್ಲೂ ಓಡಾಡಿದ. ಅಕ್ಕ ಅವನಿಗಿಂತ ಮೊದಲು ಹೋದಳು. ಕೊನೆಗೆ ಅವಳ ಮೂತ್ರಪಿಂಡಗಳು ಸೋತಿದ್ದವು. ಅವಳ ಮಣ್ಣಿಗೆ ಹೋಗಿ ಬಂದ ದಿನ ಮುತ್ಯಾ ಕಟ್ಟೆಯ ಮೇಲೆ ಒಬ್ಬನೇ ಕುಳಿತು ಕಾಲು ಚಾಚಿದ್ದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದು ಅವ್ವ ಹೇಳಿ ಕೇಳಿದ್ದೇನೆ.

ಈಗ ನಮ್ಮ ಹೊಲಕ್ಕೆ ಕಾಲುವೆ ನೀರು ಬಂದು ಅರ್ಧ ಕಬ್ಬಾಗಿದೆ. ಉಳಿದ ಜೋಳಕ್ಕೆ ಮಷೀನು ಬರುತ್ತದೆ, ಹೊತ್ತು ಏರುವಷ್ಟರಲ್ಲಿ ರಾಶಿ ಮುಗಿಸಿ ಚೀಲ ತುಂಬಿ ಹೋಗುತ್ತದೆ. ಕಣ ಮಾಡುವವರಿಲ್ಲ, ಚಪ್ಪಲಿ ಕಳೆಯುವ ಜಾಗವೂ ಇಲ್ಲ. ಹಂತಿಯ ಪದ ಬಲ್ಲವರೂ ಊರಲ್ಲಿ ಉಳಿದಿಲ್ಲ. ನಮ್ಮ ತಲೆಮಾರಿನಲ್ಲಿ ನನಗೂ ಸಕ್ಕರೆ ಬಂದಿದೆ, ಮೊದಲೇ ಊರು ಬಿಟ್ಟಿದ್ದ ಕಾಕಾನ ಮಗ, ಇಂಡಿ ಪಟ್ಟಣದಲ್ಲಿರುವ ಈರಣ್ಣನಿಗೂ, ಮುದ್ದೇಬಿಹಾಳದಲ್ಲಿರುವ ಅವನ ತಂಗಿಗೂ. ನಮ್ಮ ಹತ್ತಿರ ಎಲ್ಲ ಇದೆ. ಫ್ರಿಜ್ಜಿದೆ, ಪೆನ್ನಿನಂಥ ಸಿರಿಂಜಿದೆ, ಬೆರಳಿಗೆ ಚುಚ್ಚಿದರೆ ಕ್ಷಣದಲ್ಲಿ ಅಂಕಿ ತೋರಿಸುವ ಯಂತ್ರವಿದೆ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನ ಗುಂಪಿನಲ್ಲಿ ನಮ್ಮ ನಮ್ಮ ಅಂಕಿ ಹಾಕುತ್ತೇವೆ, ಕಡಿಮೆ ಇದ್ದರೆ ಒಬ್ಬರಿಗೊಬ್ಬರು ಹೆಬ್ಬೆರಳು ಎತ್ತಿ ತೋರಿಸುತ್ತೇವೆ. ಅದು ಮಾತಾಡಿದಂತೆಯೇ ಎಂದು ನಾನೂ ತಿಳಿದಿದ್ದೆ.

ಮೊನ್ನೆ ಈರಣ್ಣ ಫೋನು ಮಾಡಿದ. ಹಿಮ್ಮಡಿ ಒಡೆದು ಒಳಗೆ ಕೀವಾಗಿತ್ತಂತೆ, ಅವನಿಗೇ ಗೊತ್ತಾಗಿರಲಿಲ್ಲ. ಹಾಸಿಗೆಯ ಬಟ್ಟೆಗೆ ಕಲೆಯಾದ ಮೇಲೆ ದವಾಖಾನೆಗೆ ಹೋಗಿದ್ದಾನೆ. ಹೆದರುವಂಥದ್ದೇನಿಲ್ಲ, ಔಷಧದಲ್ಲೇ ವಾಸಿಯಾಗುತ್ತದೆ ಅಂದಿದ್ದಾರೆ.

"ದಿನಾ ಅಂಕಿ ಹಾಕತಿದ್ದಿಯಲ್ಲೋ?" ಅಂದೆ.

"ಹಾಕತಿದ್ದೆ. ಎಲ್ಲಾರೂ ಛೊಲೋ ಐತಿ ಅಂದ್ರಿ," ಅಂದ. ಆಮೇಲೆ ಹೇಳಿದ: "ಡಾಕ್ಟರು ಒಂದ ಮಾತು ಕೇಳಿದ್ರು ಭಾರ್ತಿ. 'ಮನ್ಯಾಗ ಯಾರೂ ಕಾಲು ನೋಡಾಂಗಿಲ್ಲೇನ್ರಿ?' ಅಂದ್ರು. ಏನ ಹೇಳಬೇಕಂತ ತಿಳೀಲಿಲ್ಲ ನೋಡು ನನಗ."

"ವಿಡಿಯೋ ಹಚ್ಚು. ಕಾಲು ತೋರಿಸು," ಅಂದೆ.